ಜಂಬುನಾಥನ ಪರವಾಗಿ

ಜಂಬುನಾಥ ತನ್ನ ಮೊದಲ ಕೇಸು ಗೆದ್ದ ದಿನವೇ ನನಗೆ ಅವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

ನಾವಿಬ್ಬರೂ ಬಳ್ಳಾರಿಯ ಗಾದಿಲಿಂಗಪ್ಪ ವಕೀಲರ ಹತ್ತಿರ ಜೂನಿಯರ್‌ಗಳು. ಹಚ್ಚೊಳ್ಳಿಯ ಜಡೆಮ್ಮನ ಗದ್ದೆಗೆ ಹೋಗುವ ದಾರಿಯ ತಕರಾರು ಸಿರುಗುಪ್ಪ ಕೋರ್ಟಿನಲ್ಲಿತ್ತು. ಅಂದು ಸರ್ ಇವನೊಬ್ಬನನ್ನೇ ಕಳಿಸಿದ್ದರು. ಇವನು ವಾದ ಮಾಡಿ, ದಾರಿ ಮುಚ್ಚದಂತೆ ತಡೆಯಾಜ್ಞೆ ತಂದ.

ಸಂಜೆ ನಾನು ಮಿರ್ಚಿ ತರಿಸಿ ಕಾಯುತ್ತಿದ್ದೆ. ಕಂಗ್ರಾಟ್ಸ್ ಅಂದರೆ, ಜಡ್ಜ್ ಸಾಹೇಬರ ಮೂಡು ಚೆನ್ನಾಗಿತ್ತು ಅಂದ. ಎದುರಿನ ವಕೀಲರಿಗೆ ನೆಗಡಿಯಂತೆ. ಪಾಯಿಂಟೆಲ್ಲ ಸರ್ ಹೇಳಿಕೊಟ್ಟಿದ್ದಂತೆ. ಸರ್ ಆ ಕೇಸಿನ ಒಂದು ಹಾಳೆಯನ್ನೂ ಓದಿರಲಿಲ್ಲ ಅನ್ನೋದು ಎದುರು ಟೇಬಲ್ಲಿನ ನನಗೆ ಗೊತ್ತಿಲ್ಲವೇ?

"ಹಂಗಾರ ನೀ ಏನ್ ಮಾಡಿದಿ?" ಅಂದೆ.

"ನಾ ಸುಮ್ನ ನಿಂತಿದ್ದೆ, ಅಷ್ಟ."

ಇವನು ಹೀಗೇ. ಲಾ ಕಾಲೇಜಿಗೆ ಫಸ್ಟ್ ಬಂದಾಗ ಪೇಪರ್ ಈಜಿ ಇತ್ತು ಅಂದಿದ್ದನಂತೆ. ದೇಶನೂರಿನ ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ಇವನೇ ಮೊದಲು. ಯಾವತ್ತೋ ಒಂದು ದಿನ ಯಾರೋ ಬಂದು, ತಮ್ಮಾ, ನೀ ತಪ್ಪಿ ಒಳಗೆ ಬಂದಿದ್ದೀ ಅಂತ ಕೈಹಿಡಿದು ಹೊರಗೆ ಕಳಿಸುತ್ತಾರೆ ಎಂದು ಅವನಿಗೆ ಸದಾ ಅನಿಸುತ್ತದಂತೆ. ಒಮ್ಮೆ ನಗುತ್ತಲೇ ಹೇಳಿದ್ದ. ನನಗೆ ನಗು ಬರಲಿಲ್ಲ.

ಇಂಥವನನ್ನು ಯಾಕೆ ಪ್ರೀತಿಸಿದೆ ಅಂದರೆ ಏನು ಹೇಳಲಿ? ಕಕ್ಷಿದಾರರು ಒಬ್ಬರು ತೆಲುಗಿನಲ್ಲಿ, ಒಬ್ಬರು ಕನ್ನಡದಲ್ಲಿ ಒಟ್ಟಿಗೇ ಬಾಯಿ ಮಾಡುವಾಗ ಇವನು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಇಬ್ಬರದ್ದನ್ನೂ ಸಮಾಧಾನವಾಗಿ ಕೇಳಿಸಿಕೊಳ್ಳುತ್ತಾನಲ್ಲ, ಅದಕ್ಕೇ ನಾನು ಸೋತದ್ದು. ನಾನು ನೋಡುತ್ತಿರುವುದು ಗೊತ್ತಾದರೆ ಪೆನ್ನು ಕೆಳಗೆ ಬೀಳುತ್ತದೆ. ಬಗ್ಗಿ ಎತ್ತಿಕೊಳ್ಳುವಾಗ ಟೇಬಲ್ಲಿನ ಅಂಚಿನಿಂದ ಒಂದೇ ಒಂದು ಸಲ ನನ್ನನ್ನು ನೋಡಿ ನಗುತ್ತಾನೆ. ಆಮೇಲೆ ಅರ್ಧ ದಿನ ನನ್ನ ಕೆಲಸ ಹಾಳು.

ಆದರೆ ನಮ್ಮ ಹತ್ತಿರ ಟೈಮ್ ಇರಲಿಲ್ಲ. ಹೊಸಪೇಟೆಯ ಒಂದು ಸಂಬಂಧಕ್ಕೆ ಅಪ್ಪ ಮಾತು ಕೊಡುವವರಿದ್ದರು. ನಾನು ಧೈರ್ಯ ಮಾಡಿ ಜಂಬುನಾಥನ ವಿಷಯ ಹೇಳಿದ್ದೆ. ಹುಡುಗ ಬಂದು ಕೇಳಲಿ, ಆಮೇಲೆ ನೋಡೋಣ ಅಂದಿದ್ದರು ಅಪ್ಪ. ಕುರುಗೋಡಿನ ನಮ್ಮ ಮನೆಗೆ ಬಂದು ನೀನೇ ಮಾತಾಡು ಅಂತ ಇವನಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಕೊನೆಗೂ ಬರ್ತೀನಿ ಅಂದ.

ಬಂದ. ಭಾನುವಾರ ನಮ್ಮ ಮನೆ ಮುಂದೆ ನಿಂತದ್ದು ಗಾದಿಲಿಂಗಪ್ಪ ಸರ್ ಕಾರು. ಮುಂದೆ ಸರ್, ಹಿಂದೆ ಇಸ್ತ್ರಿ ಶರ್ಟಿನಲ್ಲಿ ಇವನು. ಸರ್ ಪಡಸಾಲೆಯಲ್ಲಿ ಕೂತು, ಜಂಬುನಾಥನ ಪರವಾಗಿ ಭರ್ಜರಿ ವಾದ ಮಂಡಿಸಿದರು. ಅಪ್ಪನದು ಗೊಬ್ಬರದ ಅಂಗಡಿ, ಮಾತಿಗೆ ಬೇಗ ಮರುಳಾಗುವವರಲ್ಲ. ಎಲ್ಲ ಕೇಳಿ ಇವನ ಕಡೆ ತಿರುಗಿ, ನೀ ಏನಂತೀಯಪ್ಪ ಅಂದರು.

"ಸರ್ ಹೇಳ್ಯಾರಲ್ರಿ," ಅಂದ.

ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ನನಗೆ ಮೈಯೆಲ್ಲ ಉರಿಯಿತು. ತಟ್ಟೆ ಕೆಳಗಿಟ್ಟು, ನನಗೆ ಈ ಸಂಬಂಧ ಬೇಡ ಅಂದವಳೇ ಹಿತ್ತಲಿಗೆ ಹೋದೆ. ಸ್ವಲ್ಪ ಹೊತ್ತಿಗೆ ಇವನು ಹಿಂದೆಯೇ ಬಂದ.

"ನಾ ಮಾತಾಡಿದ್ರ ಕೆಡತಿತ್ತು ಅಕ್ಷತಾ," ಅಂದ. "ಇವನ ಹತ್ರ ಏನೂ ಇಲ್ಲ ಅಂತ ನಿಮ್ಮಪ್ಪಗ ಥಟ್ಟನ ಗೊತ್ತಾಗ್ತಿತ್ತು. ನಿನಗ ಇನ್ನೂ ಗೊತ್ತಾಗಿಲ್ಲ, ಅಷ್ಟ."

"ಎರಡು ವರ್ಷ ನಿನ್ನ ಎದುರಿಗೇ ಕುಂತೀನಿ. ನೀ ಬರೆದದ್ದು, ಅಳಿಸಿದ್ದು, ಯಾರಿಗೂ ಕಾಣದಂಗ ಅತ್ತದ್ದು, ಎಲ್ಲಾ ನೋಡೀನಿ. ನೋಡೇ ಒಪ್ಪೀನಿ. ನಿನ್ನ ಲೆಕ್ಕದಾಗ ನಾ ಅಷ್ಟು ದಡ್ಡಿ ಏನು?"

ತನ್ನನ್ನು ತಾನು ಹೀಗಳೆದುಕೊಳ್ಳುವಾಗಲೆಲ್ಲ ನನ್ನನ್ನೂ ಹೀಗಳೆದಂತಾಗುತ್ತದೆ ಅನ್ನೋದು ಅವನಿಗೆ ಹೊಳೆದೇ ಇರಲಿಲ್ಲ, ಮುಖ ನೋಡಿದರೆ ತಿಳಿಯುತ್ತಿತ್ತು. ಹೊರಗೆ ಸರ್ ಹಾರ್ನ್ ಹೊಡೆದರು. ಹೋದ.

ಆ ವಾರ ಆಫೀಸಿನಲ್ಲಿ ನಾನು ಅವನ ಕಡೆ ತಲೆ ಎತ್ತಿ ನೋಡಲಿಲ್ಲ. ನೋಡದೆ ಇರುವುದು ಎಷ್ಟು ಕಷ್ಟ ಅಂತ ನನಗೊಬ್ಬಳಿಗೇ ಗೊತ್ತು. ಇವನಿಗಾಗಿ ಅಳಬೇಕೋ, ಇವನ ತಲೆಗೆ ಎರಡು ಬಿಡಬೇಕೋ ತಿಳಿಯದೆ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತು ಬರುತ್ತಿದ್ದೆ.

ಮುಂದಿನ ಭಾನುವಾರ ಅಪ್ಪ ಹೊಸಪೇಟೆಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಜಂಬುನಾಥ ಬಸ್ ಸ್ಟ್ಯಾಂಡಿನಿಂದ ನಡೆದು ಬಂದ. ಒಬ್ಬನೇ. ಶರ್ಟು ಬೆವರಿಗೆ ಬೆನ್ನಿಗಂಟಿತ್ತು. ನಿಮ್ಮ ಸರ್ ಎಲ್ಲಾ ಹೇಳಿ ಹೋಗಿದ್ದಾರಲ್ಲ ಅಂದರು ಅಪ್ಪ. ಅದನ್ನ ಬಿಡ್ರಿ, ನಾ ಹೇಳಾಕ ಬಂದೀನಿ ಅಂದ.

ಹೇಳಿದ. ಮನೆಯ ವಿಷಯ ಹೇಳಿದ, ಸ್ವಂತ ಆಫೀಸು ಇನ್ನೂ ದೂರ ಅಂದ, ನಡುವೆ ಮಾತೇ ಮರೆತು ನಿಂತ. ಯಾವ ಜಡ್ಜ್ ಮುಂದೆಯೂ ಅವನು ಇಷ್ಟು ತಡವರಿಸಿದವನಲ್ಲ.

"ನನ್ನ ಮಗಳನ್ನ ನಿನಗ ಯಾಕ ಕೊಡಬೇಕು? ಅದನ್ನ ಹೇಳು," ಅಂದರು ಅಪ್ಪ.

ಮುಗಿಯಿತು ಅಂದುಕೊಂಡೆ. ಇವನು ಈಗ, ಕೊಡಬೇಕಂತೇನಿಲ್ರಿ ಅನ್ನುತ್ತಾನೆ.

"ನಾ ಯೋಗ್ಯ ಅಂತ ನನಗ ಇನ್ನೂ ಪೂರಾ ನಂಬಿಕಿ ಬಂದಿಲ್ರಿ," ಅಂದ. "ಆದ್ರ ಅಕ್ಷತಾ ಹೌದು ಅಂತಾಳ. ಆಕಿ ಸುಮ್ ಸುಮ್ನ ಯಾರಿಗೂ ಹೌದು ಅನ್ನಾಕಿ ಅಲ್ಲ, ನಿಮಗೂ ಗೊತ್ತೈತಿ. ಆಕಿ ಮಾತು ಸುಳ್ಳು ಮಾಡಾಕ ನನಗ ಮನಸಿಲ್ರಿ. ನನಗ ಆಕಿ ಬೇಕು."

ಅಪ್ಪ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ನಡೆದು, ಇವತ್ತು ಬರಾಕಾಗಂಗಿಲ್ಲ ಅಂತ ಹೊಸಪೇಟೆಗೆ ಫೋನ್ ಮಾಡತೊಡಗಿದರು.

ನಾನು ಅವನ ಹತ್ತಿರ ಹೋಗಿ ನಿಂತೆ. ಇಷ್ಟಾದರೂ ಎಲ್ಲವನ್ನೂ ನನ್ನ ತಲೆಗೇ ಕಟ್ಟಿದನಲ್ಲ ಅಂತ ಸಿಟ್ಟು, ಅದರ ಜೊತೆಗೇ ಕಣ್ಣಲ್ಲಿ ನೀರು.

"ಭಾಳ ತಡವರಿಸಿದೆ, ಹೌದಲ್ಲ?" ಅಂದ ಮೆಲ್ಲಗೆ.

"ಭಾಳ," ಅಂದೆ. "ಆದ್ರ ನೀನೇ ಮಾತಾಡಿದಿ."