ಮೆತ್ತನೆಯ ಸ್ಪ್ರಿಂಗು

ಸ್ಪ್ರಿಂಗು ಅರ್ಧ ಹೊರಗೆ ಬಂದಿತ್ತು. ಮೇಜಿನಂಚಿನ ವೈಸಿನ ಇಕ್ಕಳದಲ್ಲಿ ಬಿಗಿದಿದ್ದ ಏರ್ ರೈಫಲ್ಲಿನ ಹಿಂಬದಿಯನ್ನು ಅಂಗೈಯಿಂದ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ತಿರುಪನ್ನು ನಿಧಾನವಾಗಿ ಸಡಿಲಿಸುತ್ತಿದ್ದಳು ಅವಳು. ಈಗ ಕೈ ಜಾರಿದರೆ ಸ್ಪ್ರಿಂಗು ಚಿಮ್ಮಿ ಮುಖಕ್ಕೇ ಬಡಿಯುತ್ತದೆ.

ಸರಿಯಾಗಿ ಆಗಲೇ ಬಾಗಿಲಲ್ಲಿ ಅವನ ನೆರಳು ಬಿತ್ತು.

"ಒಳಗೆ ಬರಲಾ?"

ತಿರುಗಿ ನೋಡುವಂತಿರಲಿಲ್ಲ. ಬೈಯುವಂತೆಯೂ ಇರಲಿಲ್ಲ. ಬೈದರೆ ಕೈ ನಡುಗುತ್ತದೆ.

"ಅಲ್ಲೇ ನಿಂತ್ಕೊಳ್ಳಿ. ಮಾತಾಡಬೇಡಿ."

ಹೋದ ವಾರದವರೆಗೂ 'ನೀನು' ಎನ್ನುತ್ತಿದ್ದ ಬಾಯಿ ಅದು. ಅವನಿಗೆ ಆ ಬಹುವಚನವೇ ಬೈಗುಳದಂತೆ ತಗುಲಿತು.

ಮೂಲೆಯ ಕುರ್ಚಿಯಲ್ಲಿದ್ದ ಅವಳ ಅಪ್ಪ ಪತ್ರಿಕೆಯ ಮೇಲಿಂದ ಇಣುಕಿದರು. "ಓ, ಗಡಿಬಿಡಿ ಬಂದ. ಇವತ್ತು ಸೈರನ್ ಹಾಕ್ಕೊಂಡು ಬರಲಿಲ್ವೇನಪ್ಪಾ?"

ಅವನು ಆಂಬುಲೆನ್ಸ್ ಓಡಿಸುವವನು. ಎಲ್ಲದಕ್ಕೂ ಅವಸರ. ಅವನು ಗುರಿ ಹೊಡೆಯಲು ಹೋಗುವ ಶೂಟಿಂಗ್ ಕ್ಲಬ್ಬಿನವರು ಕರೆಯುವುದೇ ಗಡಿಬಿಡಿ ಎಂದು. "ನನ್ನ ಮದುವೆ ಆಗ್ತೀಯಾ?" ಎಂದು ಅವಳನ್ನು ಕೇಳಿದ್ದೂ ರಸ್ತೆ ದಾಟುವಾಗ, ನಟ್ಟನಡುವೆ. 'ಸ್ಪರ್ಧೆ ಮುಗೀಲಿ, ಹೇಳ್ತೀನಿ' ಎಂದಿದ್ದಳು.

ಸ್ಪರ್ಧೆ ಮುಗಿಯಿತು. ಎಲ್ಲವೂ ಮುಗಿಯಿತು...

ಅಪ್ಪನ ಕೈ ನಡುಗತೊಡಗಿದ ಮೇಲೆ ರೈಫಲ್ ರಿಪೇರಿಯ ಈ ಅಂಗಡಿ ನಡೆಸುತ್ತಿದ್ದವಳು ಅವಳೇ. ಅವನ ರೈಫಲ್ಲಿಗೆ ಗಟ್ಟಿ ಸ್ಪ್ರಿಂಗು ತೆಗೆದು ಮೆತ್ತನೆಯದನ್ನು ಹಾಕಿದ್ದಳು. "ಗುಂಡು ನಿಧಾನ ಆಗಲ್ವಾ?" ಎಂದು ಅವನು ಗೊಣಗಿದ್ದ. "ಗಟ್ಟಿ ಸ್ಪ್ರಿಂಗಿಗೆ ಬಂದೂಕು ಒದೆಯುತ್ತೆ. ಸ್ವಲ್ಪ ನಿಧಾನ ಹೋದ್ರೂ ಪ್ರತಿ ಸಲ ಅದೇ ವೇಗದಲ್ಲಿ ಹೋಗ್ಬೇಕು. ಆಗ ಗುರಿ ತಪ್ಪಲ್ಲ" ಎಂದಿದ್ದಳು. ವೇಗ ಅಳೆಯುವ ಯಂತ್ರದ ಮುಂದೆ ಹೊಡೆದು ತೋರಿಸಿಯೂ ಇದ್ದಳು.

ಆದರೆ ಸ್ಪರ್ಧೆಯ ದಿನ ಆ ರೈಫಲ್ ಪಟಾಕಿಯಂತೆ ಸದ್ದು ಮಾಡಿ ಹೊಗೆ ಉಗುಳಿತು. ಒಂದು ಗುಂಡು ಮೇಲೆ, ಇನ್ನೊಂದು ಕೆಳಗೆ. ಅವನು ಎಲ್ಲರಿಗಿಂತ ಹಿಂದೆ ಬಿದ್ದ. ತಂಡದ ಆಯ್ಕೆ ತಪ್ಪಿತು. ಅಷ್ಟೂ ಜನರ ಮುಂದೆ ಅವಳತ್ತ ಕೈ ತೋರಿಸಿ, "ಇವಳೇ ಹಾಳು ಮಾಡಿದ್ದು" ಎಂದುಬಿಟ್ಟ.

ಮರುದಿನದಿಂದಲೇ ಒಬ್ಬೊಬ್ಬರಾಗಿ ಬಂದು ರಿಪೇರಿಗೆ ಕೊಟ್ಟಿದ್ದ ರೈಫಲ್ಲುಗಳನ್ನು ವಾಪಸ್ ಒಯ್ದರು. ಈಗ ವೈಸಿನಲ್ಲಿದ್ದದ್ದು ಅಪ್ಪನದೇ ಹಳೆಯದು. ಕೈ ಸುಮ್ಮನಿರಲಾರದೆ ಬಿಚ್ಚಲು ಕೂತಿದ್ದಳು.

ಸ್ಪ್ರಿಂಗು ಪೂರ್ತಿ ಸಡಿಲವಾಯಿತು. ಕೈ ಒರೆಸಿಕೊಂಡು ತಿರುಗಿದಳು.

"ಈಗ ಹೇಳಿ. ಏನು ಬಂದಿದ್ದು?"

"ಸಾರಿ ಕೇಳೋಕೆ. ತಪ್ಪು ಯಾರದೇ ಇರಲಿ, ಎಲ್ಲರ ಮುಂದೆ ಹಾಗೆ ಅನ್ನಬಾರದಿತ್ತು."

ಯಾರದೇ ಇರಲಿ... ಅವಳ ಕಿವಿ ಬಿಸಿಯಾಯಿತು. 'ಕ್ಷಮೆ ಕೇಳಲು ಬಂದವನು ತಪ್ಪನ್ನು ನನ್ನ ಮೇಲೆಯೇ ಬಿಟ್ಟು ಕೇಳುತ್ತಿದ್ದಾನೆ.'

"ರೈಫಲ್ ತಂದಿದ್ದೀರಾ?"

"ಕಾರಲ್ಲಿದೆ."

"ತನ್ನಿ. ಇಲ್ಲೇ ಕೂತು ನೋಡಿ. ಯಾರದು ಅಂತ ನೋಡೇಬಿಡೋಣ."

ಅವನ ರೈಫಲ್ಲನ್ನು ಮನೆಗೆ ಒಯ್ದ ಮೇಲೆ ಯಾರೂ ಬಿಚ್ಚಿರಲಿಲ್ಲ. ಅವಳು ತಿರುಪಿನ ಮೇಲಿಟ್ಟ ಬಣ್ಣದ ಚುಕ್ಕಿ ಹಾಗೇ ಇತ್ತು. ಆದರೆ ಗಾಳಿ ಅದುಮುವ ಪಿಸ್ಟನ್ ಹೊರಗೆ ಬರುತ್ತಿದ್ದಂತೆ ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಗಾಳಿ ಸೋರದಂತೆ ಅದರ ತುದಿಗೆ ಹಾಕಿದ್ದ ಸೀಲ್ ಸುಟ್ಟು ಕಪ್ಪಾಗಿತ್ತು. ನಳಿಗೆಯ ಬುಡದಲ್ಲಿ ಇನ್ನೂ ಜಿಡ್ಡು.

"ಎಣ್ಣೆ ಯಾರು ಬಿಟ್ಟಿದ್ದು?"

"ನಾನಂತೂ ಬಿಟ್ಟಿಲ್ಲ. ಆಣೆ."

"ಬಂದೂಕಿನ ಒಳಗೆ ಗಾಳಿ ಒಮ್ಮೆಲೇ ಅದುಮಿದಾಗ ಬಿಸಿಯಾಗುತ್ತೆ. ಎಣ್ಣೆ ಇದ್ರೆ ಹೊತ್ಕೊಳ್ಳುತ್ತೆ. ಆ ಸದ್ದು, ಆ ಹೊಗೆ ಎಲ್ಲಾ ಅದೇ. ಒಂದೊಂದು ಸಲ ಒಂದೊಂದು ವೇಗ. ಗುರಿ ಎಲ್ಲಿಂದ ಬರಬೇಕು?"

ಬಟ್ಟೆಯ ತುಂಡಿಗೆ ಆ ಜಿಡ್ಡನ್ನು ಒರೆಸಿ ಅವನ ಮೂಗಿನ ಮುಂದೆ ಹಿಡಿದಳು. ಅವನ ಮುಖ ಬಿಳಿಚಿಕೊಂಡಿತು. ಚಿಕ್ಕಂದಿನಿಂದ ಗೊತ್ತಿದ್ದ ವಾಸನೆ.

"ಅಕ್ಕ..."

ಅವನನ್ನು ಸಾಕಿ ಬೆಳೆಸಿದ ಅಕ್ಕ ದರ್ಜಿ.

"ಹೊಲಿಗೆ ಮಿಷನ್ ಎಣ್ಣೆ ಇದು. ನಾಳೆ ಏನಾದ್ರೂ ಮುಖ್ಯ ಕೆಲಸ ಅಂದ್ರೆ ಮನೇಲಿ ಅಲ್ಲಾಡೋದಕ್ಕೆಲ್ಲ ಎಣ್ಣೆ ಬಿಡ್ತಾಳೆ. ಕತ್ತರಿ, ಬಾಗಿಲು, ನನ್ನ ಸೈಕಲ್ಲು... ಅವತ್ತು ಹೊರಡುವಾಗ, 'ನಿನ್ನ ಬಂದೂಕನ್ನೂ ನೋಡ್ಕೊಂಡಿದ್ದೀನಿ ಕಣೋ' ಅಂದಿದ್ಲು. ಒರೆಸಿಟ್ಟಿರಬೇಕು ಅಂದ್ಕೊಂಡೆ."

ಅಪ್ಪ ಪತ್ರಿಕೆ ಮಡಚಿದರು. "ನಿನ್ನ ಆಂಬುಲೆನ್ಸಿಗೂ ಬಿಡ್ತಾಳೇನೋ, ನೋಡ್ಕೋ."

ಅವನು ಅವಳ ಕೈಯಿಂದ ಆ ಬಟ್ಟೆಯ ತುಂಡನ್ನು ತೆಗೆದುಕೊಂಡು ಮುದುರಿದ.

"ಅಕ್ಕನಿಗೆ ಗೊತ್ತಾದ್ರೆ ಊಟ ಬಿಡ್ತಾಳೆ. ಇದು ನಮ್ಮಲ್ಲೇ..."

"ನಮ್ಮಲ್ಲೇ?" ಅವಳ ದನಿ ಏರಲಿಲ್ಲ, ಇನ್ನಷ್ಟು ತಣ್ಣಗಾಯಿತು. "ಮಸಿ ಬಳಿಯುವಾಗ ಊರೆಲ್ಲ ಬೇಕಿತ್ತು. ತೊಳೆಯುವಾಗ ನಮ್ಮಲ್ಲೇನಾ? ನಿಮ್ಮ ಅಕ್ಕನ ಹೆಸರು ಎತ್ತುತ್ತೀರೋ ಬಿಡ್ತೀರೋ, ನಿಮ್ಮಿಷ್ಟ. ನನ್ನ ಹೆಸರು ತೊಳೆದು ಕೊಡಿ. ಎಲ್ಲಿ ಬಳಿದ್ರೋ ಅಲ್ಲೇ."

ಅವಳು ಆಗಲೇ ಹೊಸ ಸೀಲ್ ಹುಡುಕುತ್ತಿದ್ದಳು. ಸಿಟ್ಟು ಸಿಟ್ಟೇ, ಕೆಲಸ ಕೆಲಸವೇ.

ಭಾನುವಾರ ಕ್ಲಬ್ಬು ತುಂಬಿತ್ತು. ಸರಿಮಾಡಿದ ರೈಫಲ್ ಅವನ ಕೈಗೆ ಕೊಟ್ಟು ಅವಳು ಗೋಡೆಗೆ ಒರಗಿ ನಿಂತಳು. ಹೇಳುತ್ತಾನೋ ನುಂಗುತ್ತಾನೋ...

ಅವನು ಅಂಕ ಬರೆಯುವ ಹಲಗೆಯ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ. ಕಿವಿಯವರೆಗೂ ಕೆಂಪಾಗಿದ್ದ.

"ಎಲ್ಲರೂ ಸ್ವಲ್ಪ ಕೇಳಿ. ಅವತ್ತು ರೈಫಲ್ ಕೆಟ್ಟಿದ್ದು ಇವಳಿಂದಲ್ಲ. ನಾನೇ ಒಳಗೆ ಮಿಷನ್ ಎಣ್ಣೆ ಬಿಟ್ಟಿದ್ದೆ. ತಪ್ಪು ನಂದು. ಪೂರ್ತಿ ನಂದೇ."

ಕಾರ್ಯದರ್ಶಿ ಹಣೆ ಚಚ್ಚಿಕೊಂಡರು. "ಬಂದೂಕು ಅಂದ್ಕೊಂಡ್ಯೋ, ಬಾಣಲೆ ಅಂದ್ಕೊಂಡ್ಯೋ?"

ಸಭೆಯೆಲ್ಲ ನಕ್ಕಿತು. ಅವನು ತಲೆತಗ್ಗಿಸಿ ಅಷ್ಟೂ ನಗುವನ್ನು ತಿಂದ. ಅಕ್ಕನ ಹೆಸರು ಅವನ ಬಾಯಿಂದ ಬರಲಿಲ್ಲ. 'ಯಾರದೇ ಇರಲಿ' ಎಂಬ ಮಾತೂ ಬರಲಿಲ್ಲ.

ಆಮೇಲೆ ಗುರಿಯಿಟ್ಟ. ಸಣ್ಣ ಸದ್ದು, ಅಷ್ಟೇ. ಮತ್ತೆ ಅದೇ ಸದ್ದು. ಮತ್ತೆ ಅದೇ. ಕಾಗದ ತಂದು ನೋಡಿದರೆ ಗುಂಡುಗಳೆಲ್ಲ ಒಂದರ ತೂತಿಗೆ ಇನ್ನೊಂದು ತಾಗಿಕೊಂಡೇ ಬಿದ್ದಿದ್ದವು. ಕಾರ್ಯದರ್ಶಿ ತಮ್ಮ ರೈಫಲ್ಲಿನ ಪೆಟ್ಟಿಗೆಯನ್ನು ಮೆಲ್ಲಗೆ ಅವಳ ಕಾಲ ಬಳಿ ತಳ್ಳಿದರು. "ಬಿಡುವಾದಾಗ ಒಂದು ಸಲ ನೋಡಮ್ಮಾ..."

"ಬಿಡುವಾದಾಗ" ಎಂದಳು.

ಹೊರಗೆ ಮೆಟ್ಟಿಲ ಮೇಲೆ ಅವನು ಪಕ್ಕದಲ್ಲಿ ಬಂದು ಕೂತ. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟೇ.

"ಸಿಟ್ಟು ಇಳೀತಾ?"

"ಇಲ್ಲ."

"ಯಾವಾಗ ಇಳಿಯುತ್ತೆ?"

"ಅವಸರ ಮಾಡಿದ್ರೆ ಇಳಿಯಲ್ಲ."

"ಕಾಯ್ತೀನಿ."

"ಕಾಯಿ. ನಿನಗೂ ಸ್ವಲ್ಪ ಅಭ್ಯಾಸ ಆಗಲಿ."

'ನಿನಗೂ' ಎಂದದ್ದು ಕೇಳಿ ಅವನು ತಟ್ಟನೆ ತಿರುಗಿದ. ಅವಳು ರಸ್ತೆಯನ್ನೇ ನೋಡುತ್ತಿದ್ದಳು.

ಸಿಟ್ಟು ನಿಜಕ್ಕೂ ಇಳಿದಿರಲಿಲ್ಲ. ಆದರೂ ಮನಸ್ಸು ಆ ದರ್ಜಿ ಅಕ್ಕನ ಮನೆಯೊಳಗೆ ಓಡಾಡುತ್ತಿತ್ತು. ಹೊಲಿಗೆ ಮಿಷನ್ನಿನ ಕಾಲ ಬಳಿ ಇರುವ ಉದ್ದ ಮೂತಿಯ ಎಣ್ಣೆ ಡಬ್ಬಿ... ಆ ಮನೆಗೆ ಹೋದ ಮೇಲೆ, ಸ್ಪರ್ಧೆಗಳ ಹಿಂದಿನ ದಿನ ತಾನೇ ಅದನ್ನೆತ್ತಿ ಕಪಾಟಿನ ಮೇಲೆ ಹಿಂದಕ್ಕೆ ಸರಿಸಿಡಬೇಕು. ಅಕ್ಕ ಗಿಡ್ಡ, ಅವರ ಕೈಗೆ ಸಿಗುವುದಿಲ್ಲ. ಯಾಕೆಂದು ಅವರಿಗೆ ಎಂದೂ ಹೇಳಬಾರದು.

"ಏನು ಯೋಚನೆ?" ಎಂದ ಅವನು.

"ಏನಿಲ್ಲ" ಎಂದಳು. "ನಳಿಗೆ ಒರೆಸು. ಬರೀ ಒಣ ಬಟ್ಟೇಲಿ."