ಕವುಚದ ಲೋಟ

ಸುಧಾಕರನ ಕೈ ಬನ್ಸಿನ ತಟ್ಟೆಯನ್ನು ಮುಟ್ಟುವ ಮೊದಲೇ ಅವನ ಮಣಿಕಟ್ಟಿನ ಕಡಗದಲ್ಲಿ ಹಸಿರು ದೀಪ ಹೊತ್ತಿಕೊಂಡಿತು. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದವನು ತಲೆಯನ್ನೂ ಎತ್ತಲಿಲ್ಲ. ಬನ್ಸಿನ ಬೆಲೆ ಅಕ್ಕ ಜಲಜಾಕ್ಷಿಯ ಖಾತೆಯಿಂದ ಹೋಟೆಲಿನ ಖಾತೆಗೆ ಆಗಲೇ ಸಂದಾಯವಾಗಿತ್ತು.

"ಅಕ್ಕಾ, ಹಸಿರು!" ಎಂದು ಸುಧಾಕರ ನಕ್ಕ. ಅವನಿಗೆ ಐವತ್ತೆರಡು ವರ್ಷ. ಮನಸ್ಸು ಮಾತ್ರ ಆರನೆಯ ವರ್ಷದಲ್ಲೇ ನಿಂತಿತ್ತು. ಪ್ರತಿ ಶುಕ್ರವಾರವೂ ಆ ದೀಪ ಅವನಿಗೆ ಹೊಸದು.

ಅದರ ಹೆಸರು ಇಂಗಿತಕಡಗ. ಮನುಷ್ಯ ಒಂದು ವಸ್ತು ಬೇಕೆಂದು ನಿಶ್ಚಯಿಸಿದಾಗ, ಕೈ ಚಾಚುವ ಮುನ್ನವೇ, ಅವನ ಮಣಿಕಟ್ಟಿನ ನರಗಳಲ್ಲಿ ಬಹಳ ಕ್ಷೀಣವಾದ ವಿದ್ಯುತ್ತು ಹರಿಯುತ್ತದೆ. ಆದರೆ ಬಯಕೆಗೂ ಕೈಯ ಚಲನೆಗೂ ನಡುವೆ ಅರ್ಧ ಸೆಕೆಂಡಿನಷ್ಟು ಬಿಡುವು ಇದೆ. ವಿಜ್ಞಾನಿಗಳು ಅದನ್ನು ತಡೆಗಾಲ ಎಂದು ಕರೆದರು. ಆ ಅರ್ಧ ಸೆಕೆಂಡಿನಲ್ಲಿ ಮನುಷ್ಯ 'ಬೇಕೇ ಬೇಕಾ?' ಎಂದು ತನ್ನನ್ನೇ ಕೇಳಿಕೊಂಡು ವಸ್ತುವನ್ನು ವಾಪಸು ಇಡುತ್ತಾನೆ. ಪಾವತಿ ಸೇವೆಯ 'ಸರಾಗ' ಸಂಸ್ಥೆ ಈ ಬಿಡುವನ್ನೇ ಇಲ್ಲವಾಗಿಸಿತು. ಬಯಕೆ ಹುಟ್ಟಿದ ಕ್ಷಣವೇ ಕಡಗ ಹಣ ದಾಟಿಸುತ್ತಿತ್ತು. ಕಡಗ ಹಿಡಿದ ಇಂಗಿತವೇ ಸಹಿ ಎಂದು ಕಾನೂನೂ ಒಪ್ಪಿತು. ಹಾಗೆ ಹೋದ ಹಣವನ್ನು ಪಡೆದವನು ಮನಸಾರೆ ಮರಳಿಸಿದರೆ ಉಂಟು, ಇಲ್ಲವಾದರೆ ಇಲ್ಲ.

ಹಂಪನಕಟ್ಟೆಯ ಆ ಹೋಟೆಲಿನ ಮೂಲೆ ಮೇಜಿನಲ್ಲಿ, ಶೇರು ಮಾರುಕಟ್ಟೆ ಮುಚ್ಚಿದ ಮೇಲೆ, ಪ್ರತಿ ಶುಕ್ರವಾರ ನಾಲ್ಕು ಗಂಟೆಗೆ 'ಸರಾಗ'ದ ಸಣ್ಣ ಶೇರುದಾರರು ಸೇರುತ್ತಿದ್ದರು: ಅಂಚೆ ಕಚೇರಿಯಿಂದ ನಿವೃತ್ತಳಾದ ಜಲಜಾಕ್ಷಿ, ಗಣಿತ ಕಲಿಸುತ್ತಿದ್ದ ಗೋಪಿನಾಥ ಮಾಸ್ಟ್ರು, ಬಂದರಿನಲ್ಲಿ ಐಸ್ ಪ್ಲಾಂಟ್ ನಡೆಸುವ ಸಂಜೀವ ಆಳ್ವ. ಅವರ ನಡುವೆ ಎರಡು ಕಟ್ಟಳೆಗಳಿದ್ದವು. ಕುಳಿತ ಕೂಡಲೇ ಕಡಗ ಬಿಚ್ಚಿ ಮಾಸ್ಟ್ರ ಸ್ಟೀಲ್ ಡಬ್ಬಕ್ಕೆ ಹಾಕಬೇಕು. ಶೇರು ಮಾರುವುದೂ ಕಡಗದಲ್ಲೇ ಆಗುತ್ತಿದ್ದುದರಿಂದ, ಒಮ್ಮೆ ಮಾರುಕಟ್ಟೆ ಮುಚ್ಚುವ ಮೊದಲೇ ಸೇರಿದ್ದ ದಿನ ಚರ್ಚೆಯ ನಡುವೆ ಮಾಸ್ಟ್ರು ಒಂದು ಕ್ಷಣ ಹೆದರಿದ್ದಕ್ಕೇ ಅವರ ನೂರು ಶೇರು ಮಾರಿಹೋಗಿದ್ದವು. ಎರಡನೆಯದು, ಮಾರಬೇಕೆಂದಿರುವವರು ಮಾರುವ ಮೊದಲು ಕಾಫಿ ಕುಡಿದ ಲೋಟವನ್ನು ಮೇಜಿನ ಮೇಲೆ ಕವುಚಿ ಇಡಬೇಕು. ಕಾರಣ ಹೇಳಬೇಕಿಲ್ಲ. ಉಳಿದವರಿಗೆ ಗೊತ್ತಾದರೆ ಸಾಕು.

ಕಳೆದ ಶುಕ್ರವಾರ ಯಾರ ಲೋಟವೂ ಕವುಚಿರಲಿಲ್ಲ. ಜಲಜಾಕ್ಷಿಯದೂ ಇಲ್ಲ. ಇಂದು ಬೆಳಿಗ್ಗೆ ಹತ್ತು ಗಂಟೆಗೆ ಅವಳು ತನ್ನ ನಾಲ್ಕು ಸಾವಿರದ ಇನ್ನೂರು ಶೇರುಗಳನ್ನೂ ಎಂಟುನೂರ ತೊಂಬತ್ತರಂತೆ ಒಂದೇ ಗಂಟಿನಲ್ಲಿ ಮಾರಿದ್ದಳು.

ಅವಳಿಗೆ ಅರವತ್ತಾರು. ಕಳೆದ ತಿಂಗಳು ಡಾಕ್ಟರು ಅವಳ ಹೃದಯದ ಚಿತ್ರ ನೋಡಿ, "ಮನೆಯಲ್ಲಿ ಬೇರೆ ಯಾರಿದ್ದಾರೆ?" ಎಂದು ಕೇಳಿದ್ದರು. ಸುಧಾಕರನಂಥವರನ್ನು ಕಡೆಯವರೆಗೂ ನೋಡಿಕೊಳ್ಳುವ ಮನೆಯೊಂದು ಕಾರ್ಕಳದ ದಾರಿಯಲ್ಲಿತ್ತು. ಅಂಗಳದಲ್ಲಿ ಉಯ್ಯಾಲೆಯೂ ಇತ್ತು. ಖಾಲಿ ಇದ್ದದ್ದು ಒಂದೇ ಹಾಸಿಗೆ. ಸೋಮವಾರ ಸಂಜೆಯೊಳಗೆ ಮೂವತ್ತೇಳು ಲಕ್ಷ ಠೇವಣಿ ಕಟ್ಟಬೇಕಿತ್ತು. ಲೋಟ ಕವುಚಿದ್ದರೆ ಉಳಿದಿಬ್ಬರೂ ಮಾರಲು ಓಡುತ್ತಿದ್ದರು, ಸುದ್ದಿ ಹಬ್ಬಿ ಬೆಲೆ ಇಳಿಯುತ್ತಿತ್ತು. ಆದ್ದರಿಂದ ಕವುಚಲಿಲ್ಲ.

ಇಂದು ಮೇಜಿಗೆ ಹೊಸಬರೊಬ್ಬರು ಬಂದಿದ್ದರು. ಡಾ. ಫ್ಲಾವಿಯಾ ಮಸ್ಕರೇನ್ಹಸ್. ಮಾಸ್ಟ್ರ ಹಳೆಯ ವಿದ್ಯಾರ್ಥಿನಿ. ಕಡಗ ರೂಪಿಸಿದ ತಂಡದಲ್ಲಿದ್ದು ಹೋದ ವಾರ ಕೆಲಸ ಬಿಟ್ಟವರು. ಗೋಡೆಯ ಪರದೆಯಲ್ಲಿ 'ಸರಾಗ'ದ ಬೆಲೆ ಮುನ್ನೂರ ಹತ್ತು ಎಂದು ಕೆಂಪಾಗಿ ಮಿನುಗುತ್ತಿತ್ತು. ಮಧ್ಯಾಹ್ನ ಎರಡರ ನಂತರ ಕುಸಿದದ್ದು ಅದು.

"ನೀನು ಲೆಕ್ಕದಲ್ಲಿ ನೂರಕ್ಕೆ ನೂರು ತೆಗೆದವಳು ಮಾರಾಯ್ತಿ," ಎಂದರು ಮಾಸ್ಟ್ರು. "ನಮ್ಮನ್ನು ಹೀಗೆ ಮುಳುಗಿಸುದಾ?"

"ಲೆಕ್ಕ ಸರಿ ಇತ್ತು ಸರ್. ಪರೀಕ್ಷೆ ಮಾಡಿದ ಜಾಗ ತಪ್ಪಿತು. ಲಕ್ಷ ಜನರ ಮೇಲೆ ಪರೀಕ್ಷೆ ಮಾಡಿದೆವು, ಎಲ್ಲ ಅಂಗಡಿಯ ಒಳಗೆ. ರಸ್ತೆಯಲ್ಲಿ ಒಬ್ಬರ ಮೇಲೂ ಮಾಡ್ಲಿಲ್ಲ."

"ರಸ್ತೆಯಲ್ಲಿ ಎಂತ ಉಂಟು?" ಜಲಜಾಕ್ಷಿ ಕೇಳಿದಳು.

"ಬೇಡುವವರಿದ್ದಾರೆ ಜಲಜಕ್ಕ. ಆಸ್ಪತ್ರೆ ಗೇಟಿನಲ್ಲಿ ಅಳುವವರಿದ್ದಾರೆ. ಅವರ ಕೈಯಲ್ಲೂ ಈಗ ಕಡಗ ಉಂಟು. ಜನ ತಡೆಗಾಲದಲ್ಲಿ ಖರ್ಚನ್ನು ತಡೆಯುತ್ತಾರೆ ಅಂತ ನಾವು ತಿಳಿದದ್ದು. ಅದಕ್ಕಿಂತ ಹೆಚ್ಚು ಅವರು ತಡೆಯುವುದು ಕರುಣೆಯನ್ನು. ಅಯ್ಯೋ ಪಾಪ ಅಂತ ಎಲ್ಲರಿಗೂ ಆಗ್ತದೆ. ಅರ್ಧ ಸೆಕೆಂಡಿನಲ್ಲಿ ಅದನ್ನು ಒಳಗೇ ಅದುಮಿ ಮುಂದೆ ಹೋಗ್ತಾರೆ. ನಾವು ಆ ಅರ್ಧ ಸೆಕೆಂಡನ್ನು ತೆಗೆದುಬಿಟ್ಟೆವು."

ಪರಿಣಾಮ ಪತ್ರಿಕೆಗಳಲ್ಲಿ ಬಂದಿತ್ತು. ಒಂದು ಮಾರು ದೂರದೊಳಗಿನ ಕಡಗದಿಂದ ಕಡಗಕ್ಕೆ ಹಣ ತಾನಾಗಿ ಹರಿಯತೊಡಗಿತು. ಜಿಪುಣರೆಂದು ಹೆಸರಾದವರೇ ಹೆಚ್ಚು ಕಳೆದುಕೊಂಡರು. ತಮ್ಮೊಳಗೆ ಇಷ್ಟೊಂದು ದಯೆ ಇದೆಯೆಂದು ತಿಳಿದು ಜನ ಕಂಗಾಲಾದರು, ಕಡಗ ಕಿತ್ತೆಸೆದು ಗುಂಡಿ ಒತ್ತುವ ಹಳೆಯ ಕಾರ್ಡುಗಳಿಗೆ ಮರಳಿದರು. ಅದನ್ನು ತಡೆಯಲು 'ಸರಾಗ' ಕರುಣಾಶೋಧಕವೆಂಬ ಜಾಲರಿಯೊಂದನ್ನು ಸಿದ್ಧಪಡಿಸಿತು. ಕೊಳ್ಳುವ ಇಂಗಿತವನ್ನು ಒಳಬಿಟ್ಟು ಕೊಡುವ ಇಂಗಿತವನ್ನು ಅದು ಸೋಸಬೇಕಿತ್ತು. ಶೇರುದಾರರ ಆಸೆಯೆಲ್ಲ ಅದರ ಮೇಲಿತ್ತು. ಮಧ್ಯಾಹ್ನ ಎರಡಕ್ಕೆ ಸರ್ಕಾರ ಅದಕ್ಕೆ ಅನುಮತಿ ನಿರಾಕರಿಸಿತು.

"ಮುಂದೆ ಏರುವ ಅಂದಾಜು ಉಂಟಾ?" ಮಾಸ್ಟ್ರು ಕೇಳಿದರು.

"ಇಲ್ಲ ಸರ್. ಮಗುವಿಗೆ ಮಿಠಾಯಿ ಕೊಡಿಸುವುದು ಕೊಳ್ಳುವುದಾ, ಕೊಡುವುದಾ? ಜಾಲರಿಗೆ ಅದು ತಿಳಿಯುವುದಿಲ್ಲ. ನಮಗೂ ತಿಳಿಯಲಿಲ್ಲ." ಫ್ಲಾವಿಯಾ ಸುಧಾಕರನ ಕೈ ನೋಡಿದರು. "ಇವರ ಕಡಗಕ್ಕೆ ಮಿತಿ ಇಟ್ಟಿದ್ದೀರಾ?"

"ದಿನಕ್ಕೆ ನೂರು ರೂಪಾಯಿ. ಬನ್ಸಿಗೆ ಸಾಕು."

"ಅದು ಅಂಗಡಿಗೆ ಮಾತ್ರ..." ಎಂದು ಫ್ಲಾವಿಯಾ ಶುರುಮಾಡುವಷ್ಟರಲ್ಲಿ ಬಾಗಿಲು ಬಡಿಯಿತು.

ಸಂಜೀವ ಆಳ್ವರು ಬಂದಿದ್ದರು. ಅಂಗಿಯ ಬೆನ್ನು ಬೆವರಿಗೆ ಅಂಟಿತ್ತು. ಕುರ್ಚಿ ಎಳೆದು ಕುಳಿತರು, ಕಡಗ ಬಿಚ್ಚಲಿಲ್ಲ. ಬಿಚ್ಚಿ ಎಂದು ಹೇಳಲು ಯಾರಿಗೂ ಬಾಯಿ ಬರಲಿಲ್ಲ.

"ಹೋಯ್ತು ಮಾಸ್ಟ್ರೆ. ಪೂರಾ ಹೋಯ್ತು."

"ಎಲ್ಲರದ್ದೂ ಹೋಯ್ತು ಆಳ್ವರೇ. ಒಂದು ಕಾಫಿ ಕುಡೀರಿ."

"ನಿಮ್ಮದು ಹಳೇ ಶೇರು. ನಾನು ಇವತ್ತು ಬೆಳಗ್ಗೆ ಐಸ್ ಪ್ಲಾಂಟ್ ಮಾರಿದ ದುಡ್ಡು ಹಾಕಿದ್ದೇನೆ. ಹತ್ತು ಗಂಟೆಗೆ. ಜಾಲರಿ ಬಂದರೆ ಡಬಲ್ ಆಗ್ತದೆ ಅಂತ. ನಾಲ್ಕು ಸಾವಿರದ ಇನ್ನೂರು ಶೇರು ಒಂದೇ ಗಂಟಿನಲ್ಲಿ ಸಿಕ್ಕಿತು. ಯಾವನೋ ಮರುಳ ಮಾರ್ತಿದ್ದಾನೆ ಅಂತ ನಗಾಡಿದೆ."

ಜಲಜಾಕ್ಷಿ ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅದು ಆಗಲೇ ತಣ್ಣಗಾಗಿತ್ತು.

"ನಮ್ಮ ಮೇಜಿನಲ್ಲಿ ಒಂದು ಲೋಟವೂ ಕವುಚಿರಲಿಲ್ಲ ಅಲ್ವಾ?" ಆಳ್ವರು ಅವಳತ್ತ ತಿರುಗಿದರು. "ಜಲಜಕ್ಕ ಕೂಡ ಇಟ್ಟುಕೊಂಡಿದ್ದಾರೆ, ಅವರು ಹೆದರಿ ಹೆದರಿ ಹೆಜ್ಜೆ ಇಡುವವರು, ಅವರೇ ಮಾರ್ಲಿಲ್ಲ ಅಂದ ಮೇಲೆ ನನಗೆಂತ ಹೆದರಿಕೆ ಅಂತ ಹೆಂಡತಿಗೆ ಹೇಳಿಯೇ ಬಂದದ್ದು. ಈಗ ಅವಳಿಗೆ ಎಂತ ಹೇಳುದು?"

ಆಳ್ವರು ಮೇಜಿನ ಮೇಲೆ ತಲೆಯಿಟ್ಟರು. ಐಸಿನ ದಿಮ್ಮಿ ಎತ್ತಿ ಎತ್ತಿ ಅಗಲವಾಗಿದ್ದ ಅವರ ಹೆಗಲು ನಡುಗತೊಡಗಿತು. ಹೋಟೆಲಿನಲ್ಲಿ ತಿಂಡಿ ತಿನ್ನುತ್ತಿದ್ದವರು ಬೇರೆ ಕಡೆ ನೋಡಿದರು. ಮಾಸ್ಟ್ರು ಕನ್ನಡಕ ಒರೆಸಿಕೊಂಡರು. ಜಲಜಾಕ್ಷಿಗೂ ಅಯ್ಯೋ ಎನ್ನಿಸಿತು. ಅದನ್ನು ಅವಳು ಅದುಮಿದಳು. ಅವಳ ಕಡಗ ಡಬ್ಬದೊಳಗಿತ್ತು.

ಸುಧಾಕರನ ಕಡಗವನ್ನು ಯಾರೂ ಎಂದೂ ಡಬ್ಬಕ್ಕೆ ಹಾಕಿಸಿರಲಿಲ್ಲ. ಅವನಲ್ಲಿ ಶೇರುಗಳಿರಲಿಲ್ಲ, ಅವನಿಗೆ ಹೆದರಿಕೆಯೂ ಗೊತ್ತಿರಲಿಲ್ಲ. ಅವನು ಅರ್ಧ ತಿಂದ ಬನ್ಸನ್ನು ತಟ್ಟೆಯಲ್ಲಿಟ್ಟು ಎದ್ದು ಬಂದ. "ಅಳ್ಬೇಡಿ ಮಾಮ," ಎಂದು ಆಳ್ವರ ಕೈ ಹಿಡಿದುಕೊಂಡ.

ಎರಡು ಕಡಗಗಳೂ ಹಸಿರಾದವು.

ಆಳ್ವರು ತಲೆ ಎತ್ತಿ ತಮ್ಮ ಮಣಿಕಟ್ಟು ನೋಡಿಕೊಂಡರು. ಕಡಗದ ಪುಟ್ಟ ಪರದೆಯ ಮೇಲೆ ಮೂವತ್ತೇಳು ಲಕ್ಷದ ಮೂವತ್ತೆಂಟು ಸಾವಿರ ಎಂದಿತ್ತು. ಅದರ ಹಿಂದೆಯೇ ಜಲಜಾಕ್ಷಿಯ ಖಾತೆಯಲ್ಲಿ ಉಳಿದಿದ್ದ ಮೂರು ತಿಂಗಳ ಪಿಂಚಣಿಯೂ ಬಂದಿತ್ತು.

"ಎಷ್ಟು ಕೊಡುದು ಅಂತ ಅವನಿಗೆ ಗೊತ್ತಿಲ್ಲ," ಫ್ಲಾವಿಯಾ ಪಿಸುಗುಟ್ಟಿದರು. "ಎಲ್ಲವನ್ನೂ ಕೊಟ್ಟ. ಕೊಡುವುದಕ್ಕೆ ನಾವು ಮಿತಿ ಇಡಲೇ ಇಲ್ಲ ಜಲಜಕ್ಕ. ಯಾರಾದರೂ ಕೊಟ್ಟಾರು ಅಂತ ನಮಗೆ ಹೊಳೆಯಲಿಲ್ಲ."

"ಅದು ಅವನ ಹಾಸಿಗೆಯ ದುಡ್ಡು," ಎಂದಳು ಜಲಜಾಕ್ಷಿ. "ಸೋಮವಾರ ಕಟ್ಲಿಕ್ಕೆ ಉಂಟು. ನಾನು ಹೋದ ಮೇಲೆ ಅವನಿಗೆ..."

"ಅಯ್ಯೋ, ನನಗೆ ಬೇಡ ಜಲಜಕ್ಕ! ವಾಪಸ್ ಕೊಡ್ತೇನೆ, ಈಗಲೇ!" ಆಳ್ವರು ಕಡಗದ ಕೈಯನ್ನು ಸುಧಾಕರನ ಕೈಗೆ ಒತ್ತಿ ಹಿಡಿದರು. "ತಗೋ ಮಗಾ, ತಗೋ."

ಎಲ್ಲರೂ ದೀಪ ನೋಡಿದರು. ಅದು ಹೊತ್ತಲಿಲ್ಲ.

"ಕೊಡ್ತೇನೆ ಅಂತ ಹೇಳ್ತಿದ್ದೇನಲ್ಲ!" ಆಳ್ವರು ಕೈ ಕೊಡವಿದರು, ಕಣ್ಣು ಮುಚ್ಚಿದರು, ಹಲ್ಲು ಕಚ್ಚಿದರು. "ದೇವರಾಣೆ ಕೊಡ್ತೇನೆ. ಇದು ಹಾಳಾಗಿದೆ ಡಾಕ್ಟ್ರೆ, ನೋಡಿ ಸ್ವಲ್ಪ."

ಫ್ಲಾವಿಯಾ ಕಡಗವನ್ನು ಮುಟ್ಟಲಿಲ್ಲ. "ಹಾಳಾಗಿಲ್ಲ," ಎಂದರು ಮೆಲ್ಲಗೆ. "ಬಾಯಿ ಹೇಳುವುದನ್ನು ಅದು ಕೇಳುವುದಿಲ್ಲ."

ಆಳ್ವರ ಮುಖ ಕಪ್ಪಿಟ್ಟಿತು. ಅವರು ಕೆಟ್ಟವರಲ್ಲವೆಂದು ಆ ಮೇಜಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಮೂರನೆಯ ಸಲ ಪ್ರಯತ್ನಿಸುವಾಗ ಅವರು ಮತ್ತೆ ಅಳುತ್ತಿದ್ದರು. ಈ ಬಾರಿ ನಾಚಿಕೆಯಿಂದ.

ಜಲಜಾಕ್ಷಿ ನೋಡುತ್ತ ಕುಳಿತಿದ್ದಳು. ಆ ಕೈ ಹೀಗೆ ಕೊಡವುವುದನ್ನು ಇನ್ನು ನೋಡಲಾರೆ ಎನ್ನಿಸಿತು. ಅವಳು ತನ್ನ ಲೋಟವನ್ನೆತ್ತಿ, ತಳದಲ್ಲಿ ಉಳಿದ ಕಾಫಿಯ ಸಮೇತ, ಮೇಜಿನ ಮೇಲೆ ಕವುಚಿ ಇಟ್ಟಳು. ಕಾಫಿ ಅಂಚಿನಿಂದ ನಿಧಾನವಾಗಿ ಹೊರಬಂತು.

ಮಾಸ್ಟ್ರು ಮೊದಲು ಅರ್ಥಮಾಡಿಕೊಂಡರು. "ಯಾವಾಗ?" ಎಂದರು.

"ಬೆಳಗ್ಗೆ. ಹತ್ತು ಗಂಟೆಗೆ."

"ಎಷ್ಟು?" ಎಂದು ಕೇಳಿದವರು ಆಳ್ವರು. ಉತ್ತರ ಅವರಿಗೆ ಗೊತ್ತಿತ್ತು.

"ನಾಲ್ಕು ಸಾವಿರದ ಇನ್ನೂರು."

ಆಳ್ವರು ಸುಧಾಕರನ ಕೈಯನ್ನು ಬಿಟ್ಟರು. ಸಿಟ್ಟಿನಿಂದಲ್ಲ. ಮರಳಿಸಲೇಬೇಕೆಂಬ ಹೊರೆ ಇಳಿಸಿದವರಂತೆ ಬಿಟ್ಟರು. ಎದ್ದು ಬಾಗಿಲಿನತ್ತ ನಡೆದರು. ಅವರ ಬೆನ್ನಿನ ಬೆವರು ಇನ್ನೂ ಆರಿರಲಿಲ್ಲ. ಬಾಗಿಲು ಮುಚ್ಚುವವರೆಗೂ ಜಲಜಾಕ್ಷಿ ಅವರ ಮಣಿಕಟ್ಟನ್ನೇ ನೋಡಿದಳು.

ಸುಧಾಕರ ತನ್ನ ಜಾಗಕ್ಕೆ ಬಂದು ಬನ್ಸಿನ ಉಳಿದರ್ಧವನ್ನು ಎತ್ತಿಕೊಂಡ.

"ಮಾಮ ಇನ್ನು ಅಳುದಿಲ್ಲ ಅಲ್ವಾ ಅಕ್ಕಾ?"

"ಇಲ್ಲ."

"ನಾಳೆ ಉಯ್ಯಾಲೆ ಮನೆ ನೋಡ್ಲಿಕ್ಕೆ ಹೋಗುದಲ್ವಾ?"

ಜಲಜಾಕ್ಷಿ ಸೆರಗಿನ ತುದಿಯಿಂದ ಮೇಜಿನ ಕಾಫಿಯನ್ನು ಒರೆಸತೊಡಗಿದಳು. ಲೋಟವನ್ನು ಮಾತ್ರ ಎತ್ತಲಿಲ್ಲ, ಅದರ ಸುತ್ತಲೇ ಒರೆಸಿದಳು.