ಎರಡು ಬೆರಳಿನ ಅಂತರ

ತಿರುವಿನಲ್ಲೇ ಜೀಪಿನ ಸದ್ದು ಕೇಳಿ ಅವಳ ಎದೆ ಮೊದಲು ಹಿಗ್ಗಿತು, ಮರುಕ್ಷಣ ಧಸಕ್ಕೆಂದಿತು. ಹಿಗ್ಗಿದ್ದು ಬಂದವನು ಯಾರೆಂದು ಗೊತ್ತಾಗಿ. ಧಸಕ್ಕೆಂದದ್ದು ಸೈಲೆನ್ಸರ್ ಒಡೆದ ಸದ್ದಿಗೆ. ಇಪ್ಪತ್ತು ದಿನದ ಹಿಂದೆ ಅದರ ಪೈಪನ್ನು ಬೆಸೆದವಳು ಅವಳೇ.

ಅವನು ಬೆಟ್ಟದ ಮೇಲಿನ ಆಸ್ಪತ್ರೆಯ ಡ್ರೈವರ್. ಕಲ್ಲುದಾರಿಗೆಂದು ಜೀಪನ್ನು ನಾಲ್ಕಿಂಚು ಎತ್ತರಿಸಿದ್ದರು. ಎತ್ತರಿಸಿದ ಮೇಲೆ ಮುಂದಿನ ಚಕ್ರಗಳನ್ನು ತಿರುಗಿಸುವ ಉಕ್ಕಿನ ದಂಡ, ಶಾಫ್ಟು, ಓರೆಯಾಗಿ, ಕೆಳಗೆ ಹಾದುಹೋಗುವ ಹೊಗೆಪೈಪಿಗೆ ತಿಕ್ಕತೊಡಗಿತ್ತು. ಅದಕ್ಕೇ ಅವಳ ಚಿಕ್ಕಪ್ಪನ ಸೈಲೆನ್ಸರ್ ಅಂಗಡಿಗೆ ಬಂದಿದ್ದ. ಚಿಕ್ಕಪ್ಪನಿಗೆ ಸೊಂಟ ಹಿಡಿದು ಎರಡು ವರ್ಷ. ಗಾಡಿಯ ಕೆಳಗಿನ ಕೆಲಸವೆಲ್ಲ ಅವಳದೇ. ಪೈಪು ಕತ್ತರಿಸಿ, ಬೇರೆ ದಾರಿಯಲ್ಲಿ ಬಗ್ಗಿಸಿ ಬೆಸೆದಿದ್ದಳು. ಶಾಫ್ಟಿಗೂ ಪೈಪಿಗೂ ನಡುವೆ ಎರಡು ಬೆರಳು ಸಲೀಸಾಗಿ ಆಡುತ್ತಿದ್ದವು.

ಅವತ್ತು ಪಕ್ಕದಲ್ಲಿ ಮಲಗಿ ಕೈದೀಪ ಹಿಡಿದಿದ್ದವನು ಅವನೇ.

"ಮೇಸ್ತ್ರಿಗಳೇ, ದೀಪ ಎಡಕ್ಕಾ, ಬಲಕ್ಕಾ?"

"ಪೈಪಿನ ಕಡೆಗೆ. ನನ್ನ ಮುಖಕ್ಕಲ್ಲ."

ದೀಪ ಸರಿದಿತ್ತು, ಕಣ್ಣು ಸರಿದಿರಲಿಲ್ಲ. ಅವನ ರೆಪ್ಪೆಯ ಮೇಲೆ ಒಂದು ಚೂರು ತುಕ್ಕು ಉದುರಿ ಕೂತಿತ್ತು. ಒರೆಸಲೋ ಬೇಡವೋ ಎನ್ನುವುದರಲ್ಲೇ ಅವಳ ಅರ್ಧ ಮಧ್ಯಾಹ್ನ ಕಳೆದಿತ್ತು.

ಈಗ ಜೀಪಿನಿಂದ ಇಳಿದವನ ಬಲಗೈಗೆ ಮೊಣಕೈವರೆಗೂ ಬ್ಯಾಂಡೇಜು.

"ಏನಪ್ಪಾ ಇದು?" ಚಿಕ್ಕಪ್ಪ ಕುರ್ಚಿಯಿಂದಲೇ ಕೇಳಿದರು.

"ಕಲ್ಲಿಗೆ ಹೊಡೀತು ಸಾರ್, ಪೈಪ್ ಒಡೀತು. ಬಿಸಿ ಇದ್ದಾಗಲೇ ತಂತಿ ಕಟ್ಟೋಕೆ ಹೋಗಿ ಸುಟ್ಕೊಂಡೆ. ತಪ್ಪು ನಂದೇ."

ಇಷ್ಟು ಹೇಳುವಾಗ ಅವನು ಅವಳ ಕಡೆ ನೋಡಲೇ ಇಲ್ಲ. ಅವಳಿಗೆ ಅನುಮಾನ ಬಂದದ್ದೇ ಅದರಿಂದ.

ಕೆಳಗೆ ತೂರಿ ನೋಡಿದಳು. ಕಲ್ಲು ತಾಗಿದ್ದರೆ ಪೈಪು ಕೆಳಗಿನಿಂದ ಜಜ್ಜಿರಬೇಕಿತ್ತು. ಇದು ಮೇಲಿನಿಂದ ಸವೆದು ತೂತಾಗಿತ್ತು. ಶಾಫ್ಟಿನ ಸುತ್ತ ಬಳೆಯಂಥ ಹೊಳಪು ಗೆರೆ. ಚಿಕ್ಕಪ್ಪ ಹೇಳಿಕೊಟ್ಟ ಮೊದಲ ಪಾಠವೇ ಅದು: ಎತ್ತರಿಸಿದ ಗಾಡಿಯನ್ನು ನಿಂತಲ್ಲೇ ಅಳೆಯಬಾರದು. ಜಾಕಿ ಕೊಟ್ಟು, ಚಕ್ರ ನೇತಾಡಲು ಬಿಟ್ಟು, ಆಮೇಲೆ ಅಳೆಯಬೇಕು. ಚಕ್ರ ಹಳ್ಳಕ್ಕಿಳಿದಾಗ ಶಾಫ್ಟೂ ಇಳಿಯುತ್ತದೆ. ಅವತ್ತು ಅವಳು ನಿಂತ ಗಾಡಿಗೇ ಬೆರಳು ತೂರಿಸಿ ಸರಿ ಅಂದುಬಿಟ್ಟಿದ್ದಳು.

ಅವನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಪಿಸುಗುಟ್ಟಿದ. "ಸದ್ದಿಲ್ದೆ ಸರಿ ಮಾಡ್ಬಿಡಿ. ಒಂದು ಕೆಲಸ ವಾಪಸ್ ಬಂದ್ರೂ ನಿಮ್ಗೆ ವೆಲ್ಡಿಂಗ್ ಮುಟ್ಟಿಸಲ್ಲ ಅಂತ ಅವತ್ತು ನಿಮ್ಮ ಚಿಕ್ಕಪ್ಪ ಹೇಳಿದ್ದು ನಾನೂ ಕೇಳಿಸ್ಕೊಂಡಿದ್ದೆ."

"ಗಾಡೀಲಿ ಯಾರಿದ್ರು?"

ಅವನು ಬ್ಯಾಂಡೇಜಿನ ಅಂಚು ಎಳೆಯುತ್ತ ಕೂತ. "ಒಬ್ಬರು ಅಜ್ಜಿ. ಉಬ್ಬಸ. ಹೊಗೆ ಒಳಗೆ ನುಗ್ತಿತ್ತು, ಮೂರು ಗಂಟೆ ದಾರೀಲೇ ನಿಂತ್ವಿ. ಈಗ ಚೇತರಿಸ್ಕೊಂಡಿದ್ದಾರೆ."

ಅವಳು ಮತ್ತೊಮ್ಮೆ ಆ ಹೊಳಪು ಗೆರೆಯ ಮೇಲೆ ಬೆರಳಾಡಿಸಿದಳು.

"ಕನಿಕರಕ್ಕೆ ಸುಳ್ಳು ಹೇಳಿದ್ರಾ?"

"ಕನಿಕರ ಅಲ್ಲ."

"ಮತ್ತೇನು?"

ಅವನ ಕಿವಿ ಕೆಂಪಾಯಿತು.

ಮನೆಮಂದಿಯೆಲ್ಲ ಬೇಡವೆಂದರೂ ಮೂರು ವರ್ಷ ಹಟ ಹಿಡಿದು ಅವಳು ದಕ್ಕಿಸಿಕೊಂಡ ಕೆಲಸ ಅದು. ಬಾಯಿ ಬಿಟ್ಟರೆ ಹೋಯಿತು. ಬಿಡದಿದ್ದರೆ, ಇನ್ನು ಯಾವ ಗಾಡಿಯ ಕೆಳಗೆ ಮಲಗಿದರೂ ಆ ಅಜ್ಜಿಯ ಏದುಸಿರು ಕೇಳುತ್ತದೆ. ಅವಳು ಹೊರಗೆ ಬಂದು ಚಿಕ್ಕಪ್ಪನ ಮುಂದೆ ನಿಂತಳು.

"ಚಿಕ್ಕಪ್ಪ, ಕಲ್ಲಲ್ಲ. ಚಕ್ರ ನೇತಾಡಿಸದೆ ಅಳೆದಿದ್ದೆ. ಒಬ್ಬರು ಅಜ್ಜಿ ಉಸಿರಿಗೆ ಒದ್ದಾಡಿದ್ದು, ಇವರ ಕೈ ಸುಟ್ಟಿದ್ದು, ಎರಡೂ ನನ್ನಿಂದ."

ಚಿಕ್ಕಪ್ಪ ಕನ್ನಡಕ ತೆಗೆದರು.

"ಮೊದಲ ದಿನದ ಪಾಠ ಕಣೇ. ಹೇಗೆ ಮರೆತೆ?"

ತಲೆನೋವಿತ್ತು ಅನ್ನಬಹುದಿತ್ತು. ಆದರೆ ಒಂದು ಸುಳ್ಳನ್ನು ತೆಗೆದ ಜಾಗದಲ್ಲಿ ಇನ್ನೊಂದನ್ನು ಬೆಸೆಯಲು ಅವಳಿಗೆ ಮನಸ್ಸಾಗಲಿಲ್ಲ.

"ದೀಪ ಹಿಡಿದಿದ್ದವರನ್ನ ನೋಡ್ತಾ ಇದ್ದೆ."

ಚಿಕ್ಕಪ್ಪ ಅವಳನ್ನು ನೋಡಿದರು, ಆಮೇಲೆ ಅವನನ್ನು.

"ಇವನೂ ದೀಪ ನೆಟ್ಟಗೆ ಹಿಡಿದಿರಲಿಕ್ಕಿಲ್ಲ."

"ಇಲ್ಲ ಸಾರ್," ಅಂದ ಅವನು. "ಹಿಡಿದಿರಲಿಲ್ಲ."

ಚಿಕ್ಕಪ್ಪ ಸೊಂಟ ಹಿಡಿದುಕೊಂಡು ಎದ್ದರು. ವೆಲ್ಡಿಂಗ್ ಮುಖವಾಡ ಕಸಿದುಕೊಳ್ಳುತ್ತಾರೆ ಎಂದು ಅವಳು ಕಣ್ಣು ಮುಚ್ಚಿದಳು. ಅವರು ಎತ್ತಿಕೊಂಡದ್ದು ಕೈದೀಪವನ್ನು.

"ಜಾಕಿ ಕೊಡು. ಈ ಸಲ ದೀಪ ನಾನು ಹಿಡೀತೀನಿ. ನೀನಪ್ಪಾ, ಹೊರಗಿನ ಬೆಂಚಿನ ಮೇಲೆ ಕೂರು, ಅವಳ ಕಣ್ಣಿಗೆ ಬೀಳಬೇಡ." ನರಳುತ್ತಲೇ ಚಾಪೆಯ ಮೇಲೆ ಮಲಗಿ ಅವಳಿಗೆ ಹೇಳಿದರು, "ನಾಳೆ ಇದೇ ಗಾಡೀಲಿ ಹೋಗಿ, ಆ ಅಜ್ಜಿಗೆ ನೀನೇ ಹೇಳಿ ಬರ್ಬೇಕು. ಅವರು ಬೈದಷ್ಟೂ ಕೇಳಿಸ್ಕೋ. ಆಮೇಲೆ ನೋಡೋಣ ಮುಂದಿನ ಕೆಲಸ ಕೊಡೋದೋ ಬೇಡವೋ ಅಂತ."

ಚಕ್ರಗಳು ನೇತಾಡಿದವು. ಹಳೆಯ ತುಂಡು ಕತ್ತರಿಸಿ, ಪೈಪನ್ನು ಗೇರ್‌ಬಾಕ್ಸಿನ ಹಿಂದಿನಿಂದ ಸುತ್ತಿಸಿ ಬೆಸೆದಳು. ಶಾಫ್ಟನ್ನು ಕೈಯಲ್ಲಿ ತಿರುಗಿಸಿ ಮೂರು ಸಲ ಅಳೆದಳು. ಅಂಗೈಯೇ ಒಳಗೆ ಹೋಗುವಷ್ಟು ಜಾಗ.

ಹೊರಗೆ ಬಂದಾಗ ಅವನು ಬೆಂಚಿನಿಂದ ಎದ್ದು ನಿಂತ.

"ನಾಳೆ ಅಜ್ಜಿ ತುಂಬಾ ಬೈದ್ರೆ?" ಅವಳು ಕೇಳಿದಳು.

"ಬೈತಾರೆ. ನಾನೂ ಪಕ್ಕದಲ್ಲೇ ನಿಂತು ಬೈಸ್ಕೋತೀನಿ."

ಅವನ ರೆಪ್ಪೆಯ ಮೇಲೆ ಇವತ್ತು ಏನೂ ಬಿದ್ದಿರಲಿಲ್ಲ. ಆದರೂ ಅವಳು ಕೈಗವಸು ಕಳಚಿ, ಬೆರಳ ತುದಿಯಿಂದ ಮೆಲ್ಲಗೆ ಒರೆಸಿದಳು.